ಕತ್ತರಿಯ ಚಿತ್ರ ಮತ್ತು ಕಾಣೆಯಾದ ಖತಾವಣಿ: ಒಂದು ಪ್ರಕರಣ ಅಧ್ಯಯನ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಸದಸ್ಯರಿಗೆ ನೂಲು ಕೊಟ್ಟು, ನೇಯ್ದ ಸೀರೆಯನ್ನು ಮರಳಿ ಪಡೆದು, ಕೂಲಿಯ ಲೆಕ್ಕ ಇಡುವ ನೇಕಾರರ ಸಹಕಾರಿ ಸಂಘವೊಂದಿದೆ. 2023ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಸಂಘದ ನೂಲು ಮುಂಗಡದ ಖತಾವಣಿ ಕಂಪ್ಯೂಟರಿನಲ್ಲಿ ಸಿಗದೆ ಹೋಯಿತು. ಯಾರ ಹೆಸರಿನಲ್ಲಿ ಎಷ್ಟು ನೂಲು ಹೋಗಿದೆ, ಅದರಲ್ಲಿ ಎಷ್ಟು ತೀರಿದೆ, ಎಷ್ಟು ಬಾಕಿ ನಿಂತಿದೆ ಎಂಬುದೆಲ್ಲ ಆ ಒಂದೇ ಎಕ್ಸೆಲ್ ಕಡತದಲ್ಲಿತ್ತು. ಅದನ್ನು ಹಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಸಂಘದ ಹಿರಿಯ ಗುಮಾಸ್ತೆ. ಕಚೇರಿಯಲ್ಲಿ ಅವರನ್ನು ಎಲ್ಲರೂ ‘ಅಕ್ಕಾರ’ ಎಂದೇ ಕರೆಯುತ್ತಾರಾದ್ದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹಿಂದಿನ ದಿನ ಸಂಜೆ ಕಂಪ್ಯೂಟರಿನ ಮುಂದೆ ಕೊನೆಯದಾಗಿ ಕುಳಿತವರು ಅವರೇ ಆದ್ದರಿಂದ ಸಂಶಯ ಸಹಜವಾಗಿ ಅವರ ಮೇಲೆಯೇ ಬಂತು. ಕಡತವನ್ನು ಬೇಕೆಂದೇ ಅಳಿಸಿದ್ದಾರೆಂದು ಯಾರೂ ಹೇಳಲಿಲ್ಲ. ವಯಸ್ಸಾಗಿದೆ, ಹೊಸ ಕಂಪ್ಯೂಟರ್ ಅವರಿಗೆ ಹತ್ತುತ್ತಿಲ್ಲ ಎಂದಷ್ಟೇ ಆಡಳಿತ ಮಂಡಳಿಯಲ್ಲಿ ಮಾತು ನಡೆದಿತ್ತು. ಅವರನ್ನು ಶೇರು ರಜಿಸ್ಟರಿನ ಕೆಲಸಕ್ಕೆ ಹಾಕಿ, ಕಂಪ್ಯೂಟರನ್ನು ಹೊಸದಾಗಿ ಸೇರಿದ ಹುಡುಗಿಗೆ ಒಪ್ಪಿಸಬೇಕೆಂಬ ವಿಷಯ ಮುಂದಿನ ಸಭೆಯ ಪಟ್ಟಿಯನ್ನೂ ಸೇರಿತ್ತು.

ಜಿಲ್ಲೆಯ ಕೆಲವು ಸಹಕಾರಿ ಸಂಘಗಳ ಕಂಪ್ಯೂಟರ್ ಕೆಲಸವನ್ನು ನೋಡಿಕೊಳ್ಳುವ ನನಗೆ ಸಂಘದ ಕಾರ್ಯದರ್ಶಿಗಳು ಎರಡು ಕೆಲಸ ವಹಿಸಿದರು. ಕಡತ ಸಿಗುವುದಾದರೆ ಹುಡುಕಿಕೊಡಬೇಕು. ಅಕ್ಕಾರ ಕಂಪ್ಯೂಟರಿನ ಮೇಲೆ ಮುಂದುವರಿಯಬಹುದೇ ಎಂಬುದರ ಬಗ್ಗೆ ಸಭೆಗೆ ಒಂದು ವರದಿ ಕೊಡಬೇಕು. ಮೊದಲನೆಯದು ಬೇಗ ಮುಗಿಯಿತು. ಈ ಬರಹ ಎರಡನೆಯದರ ಕುರಿತಾದದ್ದು. ಕೊಟ್ಟ ವರದಿಯನ್ನೇ ಸ್ವಲ್ಪ ವಿಸ್ತರಿಸಿ, ಸಂಘದ ಮತ್ತು ವ್ಯಕ್ತಿಗಳ ಗುರುತು ಬಿಟ್ಟು ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ಸಂಘದಲ್ಲಿ ಅಲ್ಲಿಯವರೆಗೆ ಇದ್ದದ್ದು ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರುಗಳು. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಆ ಆವೃತ್ತಿಗೆ ತಯಾರಕರ ಬೆಂಬಲ 2020ರ ಜನವರಿ 14ಕ್ಕೇ ನಿಂತಿತ್ತಾದರೂ ಕಚೇರಿಯಲ್ಲಿ ಅದನ್ನು ಯಾರೂ ಗಮನಕ್ಕೆ ತಂದುಕೊಂಡಿರಲಿಲ್ಲ. ಯಂತ್ರ ಓಡುತ್ತಿತ್ತು, ಕೆಲಸ ನಡೆಯುತ್ತಿತ್ತು. 2023ರ ಫೆಬ್ರವರಿಯಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು ವಿಂಡೋಸ್ 7ರ ಮೇಲೆ ಬರುವುದು ನಿಂತಾಗ, ಬ್ಯಾಂಕಿನ ಮತ್ತು ಸರ್ಕಾರದ ಜಾಲತಾಣಗಳನ್ನು ಬಳಸಲೇಬೇಕಾದ ಸಂಘಕ್ಕೆ ಯಂತ್ರ ಬದಲಿಸುವುದು ಅನಿವಾರ್ಯವಾಯಿತು. ಆರ್ಥಿಕ ವರ್ಷ ಮುಗಿಯುವ ಮೊದಲೇ ಹೊಸ ಕಂಪ್ಯೂಟರುಗಳು ಬಂದವು. ಅವುಗಳಲ್ಲಿ ಇದ್ದದ್ದು ವಿಂಡೋಸ್ 11. ನಡುವಿನ ವಿಂಡೋಸ್ 8, 8.1 ಮತ್ತು 10 ಈ ಕಚೇರಿಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಹೀಗಾಗಿ ಬೇರೆ ಕಡೆಗಳಲ್ಲಿ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದೊಂದಾಗಿ ಬಂದ ಬದಲಾವಣೆಗಳೆಲ್ಲ ಇಲ್ಲಿ ಒಂದೇ ಮಧ್ಯಾಹ್ನ ಬಂದಿಳಿದವು.

ಅಂಗಡಿಯ ಹುಡುಗ ಹಳೆಯ ಕಡತಗಳನ್ನು ಹೊಸದಕ್ಕೆ ತುಂಬಿಸಿ, ಪ್ರಿಂಟರ್ ಜೋಡಿಸಿ, ಒಂದು ಪುಟ ಅಚ್ಚು ತೆಗೆದು ತೋರಿಸಿ ಹೋದ. ಖರೀದಿಯ ಕಾಗದಗಳನ್ನು ನೋಡಿದೆ: ಪ್ರೊಸೆಸರ್, ಮೆಮೊರಿ, ಡಿಸ್ಕ್, ವಾರಂಟಿ ಎಲ್ಲದರ ವಿವರವೂ ಇತ್ತು. ದಿನವೂ ಈ ಯಂತ್ರದ ಮುಂದೆ ಕೂರುವವರು ಇದರಲ್ಲಿ ಏನು ಮಾಡುತ್ತಾರೆ ಎಂಬ ಒಂದು ಸಾಲು ಎಲ್ಲಿಯೂ ಇರಲಿಲ್ಲ. ನಮ್ಮ ಭಾಗದ ಸಂಘಗಳಲ್ಲಿ ನಾನು ಕಂಡ ಖರೀದಿಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ನಡೆದಿವೆ.

ಕಡತ ಹೇಗೆ ಹೋಯಿತು

ಕಡತ ಅಕ್ಕಾರ ಅವರ ಪೆನ್ ಡ್ರೈವಿನಲ್ಲಿಯೇ ಇತ್ತು. ದಿನವೂ ಸಂಜೆ ಖತಾವಣಿಯ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯುವುದು ಅವರೇ ಹಾಕಿಕೊಂಡ ಪದ್ಧತಿ. ಕಚೇರಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕು ಎಂಬುದು ಅವರ ವಾದ. “ನಾ ಅಳಿಸಿಲ್ರೀ ಸರ್, ಕಾಪಿ ಮಾಡೇನ್ರೀ. ನಿನ್ನಿ ಸಂಜೀತನಕ ಇಲ್ಲೇ ಇತ್ರೀ” ಎಂದು ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಪೆನ್ ಡ್ರೈವಿನಲ್ಲಿ ಕಡತ ಸರಿಯಾಗಿಯೇ ಇತ್ತು, ಒಂದಂಕಿಯೂ ಹೋಗಿರಲಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಇರಲಿಲ್ಲ. ಕಾಪಿ ಆಗಬೇಕಾದ ಜಾಗದಲ್ಲಿ ಕಟ್ ಆಗಿತ್ತು.

ಇಷ್ಟನ್ನೇ ಕೇಳಿದರೆ ತಪ್ಪು ಅಕ್ಕಾರ ಅವರದು ಎಂದೇ ತೋರುತ್ತದೆ. ಕಾರ್ಯದರ್ಶಿಗಳೂ ಹಾಗೆಯೇ ಹೇಳಿದರು. ಆದರೆ ವರ್ಷಗಟ್ಟಲೆ ಒಂದು ದಿನವೂ ಆಗದ ತಪ್ಪು ಯಂತ್ರ ಬದಲಾದ ಕೆಲವೇ ತಿಂಗಳಲ್ಲಿ ಆಗಿದೆ ಎಂದರೆ, ಕೈಯಲ್ಲಿ ಏನು ಬದಲಾಯಿತು ಎಂದು ಕೇಳುವ ಮೊದಲು ಪರದೆಯಲ್ಲಿ ಏನು ಬದಲಾಯಿತು ಎಂದು ಕೇಳಬೇಕಾಗುತ್ತದೆ. ಹಳೆಯ ಕಂಪ್ಯೂಟರನ್ನು ಗೋದಾಮಿನಿಂದ ತರಿಸಿ ಹೊಸದರ ಪಕ್ಕ ಇಡಿಸಿ, ಅದೇ ಕೆಲಸವನ್ನು ಎರಡರಲ್ಲೂ ಮಾಡಿ ತೋರಿಸಲು ಅವರನ್ನು ಕೇಳಿಕೊಂಡೆ.

ಹಳೆಯದರಲ್ಲಿ ಅವರು ಕಡತದ ಮೇಲೆ ಬಲಗುಂಡಿ ಒತ್ತಿದರು. ಉದ್ದನೆಯ ಪಟ್ಟಿ ತೆರೆಯಿತು. ಅದರಲ್ಲಿ ‘ಸೆಂಡ್ ಟು’ ಎಂಬ ಸಾಲಿಗೆ ಹೋದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ, ಅದರಲ್ಲಿ ಪೆನ್ ಡ್ರೈವಿನ ಹೆಸರು. ಒತ್ತಿದರೆ ಕೆಲಸ ಮುಗಿಯಿತು. ಈ ದಾರಿಯಲ್ಲಿ ಹೋದ ಕಡತ ಪೆನ್ ಡ್ರೈವಿಗೆ ಪ್ರತಿಯಾಗಿಯೇ ಹೋಗುತ್ತದೆ; ಮೂಲ ಇದ್ದಲ್ಲಿಂದ ಅಲುಗುವುದಿಲ್ಲ. ಎಳೆದು ಹಾಕಿದರೂ ಅಷ್ಟೇ: ಒಂದೇ ಡಿಸ್ಕಿನೊಳಗೆ ಎಳೆದರೆ ಕಡತ ಜಾಗ ಬದಲಿಸುತ್ತದೆ, ಬೇರೆ ಡ್ರೈವಿಗೆ ಎಳೆದರೆ ಪ್ರತಿಯಾಗುತ್ತದೆ. ವಿಂಡೋಸಿನಲ್ಲಿ ಈ ನಿಯಮ ಬಹಳ ಹಳೆಯದು. ನಿಯಮವನ್ನು ಅಕ್ಕಾರ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಅದರಿಂದ ಬಂದ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು. ಪೆನ್ ಡ್ರೈವಿಗೆ ಏನು ಹಾಕಿದರೂ ಅದು ಇಲ್ಲಿಯೂ ಇರುತ್ತದೆ, ಅಲ್ಲಿಯೂ ಇರುತ್ತದೆ. ಹಳೆಯ ಯಂತ್ರದಲ್ಲಿ ಅವರು ಬಳಸುತ್ತಿದ್ದ ಎರಡೂ ದಾರಿಗಳಿಗೆ ಆ ನಂಬಿಕೆ ಪೂರ್ತಿ ಸರಿಯಾಗಿತ್ತು.

ಹೊಸದರಲ್ಲಿ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯೇ ಬೇರೆ. ವಿಂಡೋಸ್ 11ರಲ್ಲಿ ಈ ಪಟ್ಟಿಯನ್ನು ಮೊಟಕುಗೊಳಿಸಿದ್ದಾರೆ. ‘ಸೆಂಡ್ ಟು’ ಸೇರಿದಂತೆ ಹಳೆಯ ಹಲವು ಸಾಲುಗಳು ‘ಶೋ ಮೋರ್ ಆಪ್ಷನ್ಸ್’ ಎಂಬ ಕೊನೆಯ ಸಾಲಿನ ಹಿಂದೆ ಹೋಗಿವೆ. ಹೆಚ್ಚು ಬಳಕೆಯಾಗುವ ಕಟ್, ಕಾಪಿ, ಹೆಸರು ಬದಲಿಸುವುದು, ಹಂಚುವುದು, ಅಳಿಸುವುದು ಎಂಬ ಕೆಲಸಗಳು ಪಟ್ಟಿಯ ಒಂದು ತುದಿಯಲ್ಲಿ ಅಕ್ಷರಗಳಿಲ್ಲದ ಸಣ್ಣ ಚಿತ್ರಗಳಾಗಿ ಸಾಲುಗಟ್ಟಿದ್ದವು. ಆಗ ಸಂಘದಲ್ಲಿದ್ದ ಆವೃತ್ತಿಯಲ್ಲಿ ಚಿತ್ರದ ಮೇಲೆ ಬಾಣವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಮಾತ್ರ ಹೆಸರು ಕಾಣುತ್ತಿತ್ತು. ಮೊದಲನೆಯದು ಕತ್ತರಿ, ಅದಕ್ಕೆ ಅಂಟಿಕೊಂಡಂತೆ ಎರಡನೆಯದು ಒಂದರ ಮೇಲೊಂದು ಇರುವ ಎರಡು ಹಾಳೆ. ಕಡತ ಪರದೆಯ ಮೇಲ್ಭಾಗದಲ್ಲಿದ್ದರೆ ಈ ಚಿತ್ರಗಳ ಸಾಲು ಪಟ್ಟಿಯ ಮೇಲೆ ಬರುತ್ತದೆ. ಪಟ್ಟಿ ಕೆಳಗೆ ಹಿಡಿಸದೆ ಮೇಲ್ಮುಖವಾಗಿ ತೆರೆದಾಗ ಅದೇ ಸಾಲು ಕೆಳತುದಿಗೆ ಹೋಗುತ್ತದೆ. ಬಾಣಕ್ಕೆ ಹತ್ತಿರವಿರಲಿ ಎಂಬುದು ವಿನ್ಯಾಸಕಾರರ ಉದ್ದೇಶ, ಮತ್ತು ಆ ಉದ್ದೇಶಕ್ಕೆ ಆಧಾರವೂ ಇದೆ. ಗುರಿ ಎಷ್ಟು ಹತ್ತಿರ ಮತ್ತು ಎಷ್ಟು ದೊಡ್ಡದೋ ಅಷ್ಟು ಬೇಗ ಕೈ ಅದನ್ನು ಮುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿಯೇ ತೋರಿಸಿದ್ದರು. ಇಲ್ಲಿ ಗುರಿ ಹತ್ತಿರ ಬಂತು, ಜೊತೆಗೆ ಚಿಕ್ಕದೂ ಆಯಿತು, ಮೇಲಾಗಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಓಡಾಡತೊಡಗಿತು.

‘ಸೆಂಡ್ ಟು’ ಸಿಗದೆ ಹೋದಾಗ ಅಕ್ಕಾರ ಅಂಗಡಿಗೆ ಫೋನ್ ಮಾಡಿದ್ದರು. ಎರಡನೆಯ ಚಿತ್ರ ಒತ್ತಿ, ಆಮೇಲೆ ಪೆನ್ ಡ್ರೈವ್ ತೆರೆದು ಪೇಸ್ಟ್ ಮಾಡಿ ಎಂದು ಅಲ್ಲಿಂದ ಹೇಳಿದರು. ಅವರು ಹಾಗೆಯೇ ಮಾಡುತ್ತ ಬಂದರು, ಬಹುದಿನ ಸರಿಯಾಗಿಯೇ ಮಾಡಿದರು. ಒಂದು ಸಂಜೆ ಬಾಣ ಒಂದು ಕೂದಲೆಳೆಯಷ್ಟು ಎಡಕ್ಕೆ ಬಿತ್ತು.

ಆ ಕ್ಷಣದಲ್ಲಿ ಪರದೆ ಅವರಿಗೆ ಏನು ಹೇಳಿತು ಎಂಬುದನ್ನು ನೋಡಬೇಕು. ಕಟ್ ಮಾಡಿದಾಗ ಕಡತದ ಚಿತ್ರ ತುಸು ಮಂಕಾಗುತ್ತದೆ, ಅಷ್ಟೇ. ಪೇಸ್ಟ್ ಮಾಡುವುದು ಎರಡಕ್ಕೂ ಒಂದೇ ರೀತಿ. ಪೆನ್ ಡ್ರೈವಿನಲ್ಲಿ ಕಡತ ಬಂದು ಕೂರುವುದೂ ಒಂದೇ ರೀತಿ. ತನ್ನ ಕಣ್ಣ ಮುಂದಿರುವ ಕಿಟಕಿಯಲ್ಲಿ ಕಡತ ಬಂದದ್ದನ್ನು ನೋಡಿ ಪೆನ್ ಡ್ರೈವ್ ತೆಗೆದುಕೊಂಡು ಹೊರಟವರಿಗೆ, ಹಿಂದಿನ ಕಿಟಕಿಯಲ್ಲಿ ಅದು ಮಾಯವಾದದ್ದು ಕಾಣುವ ಸಂಭವವೇ ಇರಲಿಲ್ಲ. ಹಿಂದಕ್ಕೆ ಪಡೆಯುವ ಸೌಲಭ್ಯ ಇದೆಯಲ್ಲ ಎನ್ನಬಹುದು. ಇದೆ, ಆದರೆ ತಪ್ಪಾಗಿದೆ ಎಂದು ತಿಳಿದವರಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಒಂದು ಕೆಲಸವನ್ನು ತಪ್ಪಾಗಿ ತಿಳಿದು ಮಾಡುವುದು ಬೇರೆ, ಸರಿಯಾಗಿ ತಿಳಿದಿದ್ದೂ ಕೈ ಜಾರುವುದು ಬೇರೆ. ಮೊದಲನೆಯದಕ್ಕೆ ತರಬೇತಿಯಿಂದ ಉಪಾಯವಿದೆ. ಎರಡನೆಯದಕ್ಕೆ ತರಬೇತಿ ಹೆಚ್ಚು ಪ್ರಯೋಜನಕ್ಕೆ ಬಾರದು. ಕೈ ಜಾರುವ ಜಾಗದಲ್ಲಿ ಅಪಾಯದ ಗುಂಡಿ ಇರದಂತೆ ನೋಡಿಕೊಳ್ಳುವುದೊಂದೇ ದಾರಿ. ಹಳೆಯ ಯಂತ್ರದಲ್ಲಿ ಕಟ್ ಎಂಬ ಸಾಲು ‘ಸೆಂಡ್ ಟು’ವಿನ ಕೆಳಗೇ ಇತ್ತು, ಆದರೆ ಅಲ್ಲಿ ಅಕ್ಷರವಿತ್ತು. ಮಿಗಿಲಾಗಿ, ಅಕ್ಕಾರ ಅವರ ದಾರಿ ಪಕ್ಕದ ಪಟ್ಟಿಗೆ ತಿರುಗಿ ಪೆನ್ ಡ್ರೈವಿನ ಹೆಸರಿನ ಮೇಲೆ ಮುಗಿಯುತ್ತಿತ್ತು. ಕೈ ಜಾರಿ ಕಟ್ ಒತ್ತಿದ್ದರೂ ಪಕ್ಕದ ಪಟ್ಟಿ ತೆರೆಯುತ್ತಿರಲಿಲ್ಲವಾದ್ದರಿಂದ ಅಲ್ಲಿಯೇ ಗೊತ್ತಾಗುತ್ತಿತ್ತು. ನಾನು ಸಭೆಗೆ ಕೊಟ್ಟ ವರದಿಯಲ್ಲಿ ಇದನ್ನೇ ಮುಖ್ಯ ಅಂಶವಾಗಿ ಬರೆದೆ: ಜಾರಿದರೂ ಕೆಡದ ಒಂದು ಹೆಜ್ಜೆಯ ಕೆಲಸವನ್ನು, ಜಾರಿದರೆ ಸದ್ದಿಲ್ಲದೆ ಕೆಡುವ ಎರಡು ಹೆಜ್ಜೆಯ ಕೆಲಸವಾಗಿ ಹೊಸ ಪರದೆ ಬದಲಿಸಿತು.

ದೀಪ ಇಲ್ಲದ ಕೀಲಿಮಣೆ

ಕಡತದ ಸಂಗತಿ ಒಂದು ದಿನದ್ದು. ದಿನವೂ ಕಾಡುತ್ತಿದ್ದದ್ದು ಕನ್ನಡ ಬೆರಳಚ್ಚು. ಅಕ್ಕಾರ ಅವರ ವೇಗ ಇಳಿದಿದೆ ಎಂಬ ದೂರಿಗೆ ಮುಖ್ಯ ಕಾರಣವೂ ಅದೇ ಆಗಿತ್ತು.

ಹಳೆಯ ಯಂತ್ರದಲ್ಲಿ ಸಭೆಯ ನೋಟಿಸು, ಠರಾವು, ಪತ್ರ ಎಲ್ಲವನ್ನೂ ನುಡಿ ತಂತ್ರಾಂಶದಲ್ಲಿ ಬರೆಯುತ್ತಿದ್ದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ ಅವರ ಬೆರಳಿಗೆ ಹತ್ತಿತ್ತು. ಸ್ಕ್ರೋಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ಹೊಸ ಯಂತ್ರಕ್ಕೆ ಅಂಗಡಿಯವರು ನುಡಿಯನ್ನು ಹಾಕಿರಲಿಲ್ಲ. ವಿಂಡೋಸಿನಲ್ಲಿಯೇ ಸಿಗುವ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಸೇರಿಸಿ, ಕನ್ನಡ ಬರುತ್ತದೆ ಎಂದು ತೋರಿಸಿ ಹೋಗಿದ್ದರು. ಬರುವುದೇನೋ ಬರುತ್ತಿತ್ತು. ಅಕ್ಕಾರ ತಮ್ಮ ಊರಿನ ಹೆಸರನ್ನು ಬರೆದು ತೋರಿಸಿದರು. ಆರ್, ಬಿ, ಕೆ, ವಿ, ಐ ಎಂಬ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿದರೆ ಹಳೆಯದರಲ್ಲಿ ‘ರಬಕವಿ’ ಮೂಡಿತು. ಹೊಸದರಲ್ಲಿ ಅದೇ ಬೆರಳುಗಳಿಗೆ ಮೊದಲು ಆಸರೆಯಿಲ್ಲದ ಒಂದು ದೀರ್ಘದ ಚಿಹ್ನೆ, ಅದರ ಬೆನ್ನಿಗೆ ‘ವಕನಗ’ ಎಂದು ಬಂತು. ಕಾರಣ ಸರಳ: ಇನ್‌ಸ್ಕ್ರಿಪ್ಟ್ ಭಾರತದ ಬ್ರಾಹ್ಮಿ ಮೂಲದ ಲಿಪಿಗಳಿಗೆಲ್ಲ ಒಂದೇ ಜೋಡಣೆ ಇರಲೆಂದು 1986ರಲ್ಲಿ ಗೊತ್ತುಮಾಡಿದ ವಿನ್ಯಾಸ, ಅದರಲ್ಲಿ ರಕಾರ ಇರುವುದು ಜೆ ಕೀಲಿಯ ಮೇಲೆ. ಅದನ್ನೇ ಮೊದಲಿನಿಂದ ಕಲಿತವರಿಗೆ ಅದರಲ್ಲಿ ಕೊರತೆಯೇನೂ ಇಲ್ಲ. ಆದರೆ ಬೆರಳಚ್ಚನ್ನು ಇಪ್ಪತ್ತು ವರ್ಷ ಮಾಡಿದವರಿಗೆ ಇದು ಕಲಿಯುವ ವಿಷಯಕ್ಕಿಂತ ಮರೆಯುವ ವಿಷಯವಾಗುತ್ತದೆ, ಮತ್ತು ಬೆರಳು ಮರೆಯುವುದಕ್ಕೆ ತಲೆಗಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿತ್ತು. ಹೊಸ ಕೀಲಿಮಣೆಯಲ್ಲಿ ಸ್ಕ್ರೋಲ್ ಲಾಕ್ ಕೀಲಿಯೇ ಇರಲಿಲ್ಲ, ಅದರ ದೀಪವೂ ಇರಲಿಲ್ಲ. “ದೀಪ ಹತ್ತಿದ್ರ ಕನ್ನಡ, ಆರಿದ್ರ ಇಂಗ್ಲೀಷ್. ನಾವೇನ್ ಪರದೆ ನೋಡೂದಿಲ್ರೀ” ಎಂದರು ಅಕ್ಕಾರ. ಹೊಸದರಲ್ಲಿ ಯಾವ ಭಾಷೆ ಚಾಲ್ತಿಯಲ್ಲಿದೆ ಎಂಬುದನ್ನು ಪರದೆಯ ಬಲ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಎರಡು ಮೂರು ಸಣ್ಣ ಅಕ್ಷರಗಳು ಹೇಳುತ್ತವೆ. ಕಣ್ಣು ಎದುರಿಗಿಟ್ಟ ಕಾಗದದ ಮೇಲಿರುವವರಿಗೆ ಕೀಲಿಮಣೆಯ ದೀಪ ನೋಟದ ಅಂಚಿನಲ್ಲಿ ಕಾಣುತ್ತದೆ. ಪರದೆಯ ಮೂಲೆಯ ಅಕ್ಷರ ಕಾಣುವುದಿಲ್ಲ.

ಇದರ ಪರಿಣಾಮ ಲೆಕ್ಕದ ತಂತ್ರಾಂಶದ ಪಾಸ್‌ವರ್ಡ್ ಹಾಕುವಾಗ ಎದುರಾಗುತ್ತಿತ್ತು. ವಿಂಡೋಸ್ 7ರವರೆಗೆ, ಬದಲಾಯಿಸದೆ ಬಿಟ್ಟರೆ, ಭಾಷೆಯ ಆಯ್ಕೆ ಆಯಾ ಕಿಟಕಿಗೆ ಸೀಮಿತವಾಗಿತ್ತು. ವಿಂಡೋಸ್ 8ರಿಂದ ಈಚೆಗೆ ಒಂದು ಕಡೆ ಬದಲಿಸಿದರೆ ಎಲ್ಲ ಕಡೆಯೂ ಬದಲಾಗುತ್ತದೆ. ವರ್ಡ್‌ನಲ್ಲಿ ಕನ್ನಡ ಪತ್ರ ಬರೆಯುತ್ತಿರುವಾಗ ಸದಸ್ಯರೊಬ್ಬರು ಬಂದು ಬಾಕಿ ಕೇಳುತ್ತಾರೆ. ಲೆಕ್ಕದ ತಂತ್ರಾಂಶಕ್ಕೆ ಹೋಗಿ ಪಾಸ್‌ವರ್ಡ್ ಹಾಕಿದರೆ ಅದೂ ಕನ್ನಡದಲ್ಲಿಯೇ ಬೀಳುತ್ತದೆ. ಪರದೆಯ ಮೇಲೆ ಕಾಣುವುದು ಕಪ್ಪು ಚುಕ್ಕೆಗಳು ಮಾತ್ರ. ಕನ್ನಡದ ಚುಕ್ಕೆಗೂ ಇಂಗ್ಲಿಷಿನ ಚುಕ್ಕೆಗೂ ವ್ಯತ್ಯಾಸವಿಲ್ಲ. ಪಾಸ್‌ವರ್ಡ್ ತಪ್ಪು ಎಂದು ಬರುತ್ತದೆ. ಇನ್ನಷ್ಟು ಜಾಗರೂಕತೆಯಿಂದ, ಒಂದೊಂದೇ ಕೀಲಿ ಒತ್ತಿ ಮತ್ತೆ ಹಾಕುತ್ತಾರೆ, ಮತ್ತೆ ತಪ್ಪು. ಮೂರನೆಯ ಸಲಕ್ಕೆ ತಂತ್ರಾಂಶ ಬಾಗಿಲು ಹಾಕಿಕೊಳ್ಳುತ್ತದೆ. ಎದುರಿಗೆ ನಿಂತ ಸದಸ್ಯರಿಗೆ ಕಾಣುವುದೇನೆಂದರೆ, ಗುಮಾಸ್ತೆಗೆ ತನ್ನ ಪಾಸ್‌ವರ್ಡೇ ನೆನಪಿಲ್ಲ.

ಹೊಸದಾಗಿ ಸೇರಿದ ಹುಡುಗಿಯ ಪಕ್ಕದಲ್ಲಿಯೂ ಕುಳಿತು ನೋಡಿದೆ. ಡಿಪ್ಲೊಮಾ ಮುಗಿಸಿದ ಚುರುಕಾದ ಹುಡುಗಿ. ಏನು ಬೇಕಾದರೂ ಹೆಸರಿನ ಮೊದಲೆರಡು ಅಕ್ಷರ ಬರೆದು ಹುಡುಕಿ ತೆರೆಯುತ್ತಾಳೆ. ಪಾಸ್‌ವರ್ಡಿನ ವಿಷಯದಲ್ಲಿ ಅವಳೂ ಅದೇ ಹಳ್ಳಕ್ಕೆ ಬಿದ್ದಳು, ನನ್ನ ಕಣ್ಣೆದುರಿಗೇ ಬಿದ್ದಳು. ವ್ಯತ್ಯಾಸವೆಂದರೆ ಅವಳು ನಕ್ಕು “ಇದು ಹಿಂಗೇ ಮಾಡ್ತೈತಿ” ಎಂದಳು. ಅಕ್ಕಾರ “ನಂದೇ ಏನೋ ತಪ್ಪಾತು” ಎಂದಿದ್ದರು. ಮಂಡಳಿಯ ತೀರ್ಮಾನಕ್ಕೆ ಆಧಾರವಾಗಿದ್ದದ್ದು ಈ ಎರಡು ಮಾತುಗಳ ನಡುವಿನ ವ್ಯತ್ಯಾಸವೇ ಹೊರತು ಕೆಲಸದ ವ್ಯತ್ಯಾಸವಲ್ಲ ಎಂದು ನನ್ನ ಅಭಿಪ್ರಾಯ.

ಒಂದೇ ಕೀಲಿ ಒಂದು ಸ್ಥಿತಿಯಲ್ಲಿ ಒಂದು ಕೆಲಸ, ಇನ್ನೊಂದು ಸ್ಥಿತಿಯಲ್ಲಿ ಇನ್ನೊಂದು ಕೆಲಸ ಮಾಡಿದಾಗ ಹುಟ್ಟುವ ಈ ಬಗೆಯ ತಪ್ಪುಗಳನ್ನು ಅರ್ಧ ಶತಮಾನದ ಹಿಂದೆಯೇ ಗುರುತಿಸಲಾಗಿದೆ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಕೆಲಸ ಮಾಡಿದ ಲ್ಯಾರಿ ಟೆಸ್ಲರ್ ಇಂತಹ ಮರೆಮಾಚಿದ ಸ್ಥಿತಿಗಳ ವಿರುದ್ಧ ಜೀವನವಿಡೀ ವಾದಿಸಿದರು. ತಮ್ಮ ಕಾರಿನ ನಂಬರ್ ಪ್ಲೇಟಿನ ಮೇಲೆಯೇ ‘ನೋ ಮೋಡ್ಸ್’, ಅಂದರೆ ಇಂತಹ ಸ್ಥಿತಿಗಳೇ ಬೇಡ, ಎಂದು ಬರೆಸಿಕೊಂಡಿದ್ದರು. ಕಟ್, ಕಾಪಿ, ಪೇಸ್ಟ್ ಎಂಬ ಪದ್ಧತಿಯನ್ನು ರೂಢಿಗೆ ತಂದವರೂ ಅದೇ ಟೆಸ್ಲರ್ ಮತ್ತು ಅವರ ಸಹೋದ್ಯೋಗಿಗಳು. ಈ ಸಂಘದ ಎರಡೂ ತೊಡಕುಗಳಲ್ಲಿ ಅವರ ಕೆಲಸದ ನೆರಳಿದೆ. ಬಳಕೆಗೆ ಸುಲಭವಾದ ಪರದೆ ಹೇಗಿರಬೇಕೆಂಬ ಬಗ್ಗೆ ತಜ್ಞ ಜೇಕಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳಲ್ಲಿ ಮೊಟ್ಟಮೊದಲನೆಯದು, ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದು ಬಳಸುವವರಿಗೆ ಸದಾ ಕಾಣುತ್ತಿರಬೇಕು ಎಂಬುದು. ಹಳೆಯ ಕೀಲಿಮಣೆಯ ಆ ಹಸಿರು ದೀಪ, ಯಾರೂ ಆ ಉದ್ದೇಶಕ್ಕೆಂದು ಇಡದೆ ಇದ್ದರೂ, ಆ ಸೂತ್ರವನ್ನು ಪಾಲಿಸುತ್ತಿತ್ತು.

ಉಳಿದ ದೂರುಗಳು

ಸ್ಟಾರ್ಟ್ ಗುಂಡಿಯ ಬಗ್ಗೆ ಎಲ್ಲರೂ ದೂರಿದರು. 1995ರ ಆಗಸ್ಟಿನಲ್ಲಿ ವಿಂಡೋಸ್ 95ರೊಂದಿಗೆ ಬಂದು ಎಡ ಕೆಳಮೂಲೆಯಲ್ಲಿ ನೆಲೆಸಿದ ಆ ಗುಂಡಿಯನ್ನು 2012ರ ವಿಂಡೋಸ್ 8ರಲ್ಲಿ ತೆಗೆದು, ಬಳಕೆದಾರರ ಗಲಾಟೆಯ ನಂತರ 2013ರ 8.1ರಲ್ಲಿ ಮರಳಿ ಇಟ್ಟಿದ್ದರು; 2021ರ ವಿಂಡೋಸ್ 11 ಅದನ್ನು ನಡುವಿಗೆ ತಂದಿತು. ಮೂಲೆಯಲ್ಲಿದ್ದಾಗ ಕಣ್ಣುಮುಚ್ಚಿ ಬಾಣವನ್ನು ದೂಡಿದರೂ ಅದು ಗೋಡೆಗೆ ತಾಗಿ ನಿಲ್ಲುತ್ತಿತ್ತು. ನಡುವಿನಲ್ಲಿ ಕಾರ್ಯಕ್ರಮಗಳು ತೆರೆದಷ್ಟೂ ಗುಂಡಿ ಎಡಕ್ಕೆ ಸರಿಯುತ್ತ ಹೋಗುತ್ತದೆ, ಮುಚ್ಚಿದಂತೆ ಬಲಕ್ಕೆ ಬರುತ್ತದೆ. ಇದು ಕಿರಿಕಿರಿಯ ವಿಷಯ, ಆದರೆ ಹಾನಿಯ ವಿಷಯವಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಹಾಕುವ ಆಯ್ಕೆ ಇದೆ. ಹಾಕಿದೆವು, ದೂರು ಮುಗಿಯಿತು.

ತೆರೆದ ಎಕ್ಸೆಲ್ ಕಡತಗಳೆಲ್ಲ ಕೆಳಗಿನ ಪಟ್ಟಿಯಲ್ಲಿ ಒಂದೇ ಚಿತ್ರವಾಗಿ ಸೇರಿಕೊಳ್ಳುವುದು ಇದಕ್ಕಿಂತ ಗಂಭೀರವಾಗಿತ್ತು. ನೂಲಿನದು, ಸೀರೆಯದು, ಕೂಲಿಯದು ಎಂದು ಮೂರು ನಾಲ್ಕು ಕಡತಗಳನ್ನು ಒಟ್ಟಿಗೆ ತೆರೆದಿಟ್ಟುಕೊಂಡು ಕೆಲಸ ಮಾಡುವವರಿಗೆ ಪ್ರತಿಯೊಂದರ ಹೆಸರೂ ಕಾಣುತ್ತಿರಬೇಕು. ಹಳೆಯದರಲ್ಲಿ ಹಾಗೆ ಕಾಣುವಂತೆ ಹೊಂದಿಸಿಕೊಂಡಿದ್ದರು. ವಿಂಡೋಸ್ 11ರಲ್ಲಿ ಆಗ ಆ ಆಯ್ಕೆಯನ್ನೇ ತೆಗೆದುಹಾಕಿದ್ದರು. ಹೊರಗಿನ ಸಣ್ಣ ತಂತ್ರಾಂಶಗಳಿಂದ ಅದನ್ನು ಮರಳಿ ತರಬಹುದಿತ್ತಾದರೂ ಲೆಕ್ಕಪತ್ರದ ಯಂತ್ರದಲ್ಲಿ ಗುರುತಿಲ್ಲದ ತಂತ್ರಾಂಶ ಹಾಕುವುದನ್ನು ನಾನು ಒಪ್ಪಲಿಲ್ಲ. 2023ರ ಕೊನೆಯ ತಿಂಗಳುಗಳಲ್ಲಿ ಬಂದ ಪರಿಷ್ಕರಣೆಯಲ್ಲಿ ಆ ಆಯ್ಕೆ ತಾನಾಗಿ ಮರಳಿತು. ಅಲ್ಲಿಯವರೆಗೆ ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದ ಕಾಲ ತಳ್ಳಿದರು.

ಪರದೆಯ ಪಟ್ಟಿಗಳೆಲ್ಲ ಕನ್ನಡದಲ್ಲಿಯೇ ಬರುವಂತೆ ಮಾಡಬಾರದೇ ಎಂದು ನಿರ್ದೇಶಕರೊಬ್ಬರು ಕೇಳಿದರು. ವಿಂಡೋಸಿಗೆ ಕನ್ನಡದ ಹೊದಿಕೆ ಇದೆ, ಹಾಕಬಹುದಿತ್ತು. ಬೇಡವೆಂದವರು ಅಕ್ಕಾರ ಅವರೇ. ತೊಂದರೆಯಾದಾಗ ಫೋನಿನಲ್ಲಿ ಅಂಗಡಿಯವರು ಹೇಳುವುದು ಇಂಗ್ಲಿಷ್ ಹೆಸರುಗಳನ್ನು; ಪರದೆಯ ಮೇಲೆ ಬೇರೆ ಹೆಸರಿದ್ದರೆ ಇಬ್ಬರಿಗೂ ದಾರಿ ತಪ್ಪುತ್ತದೆ ಎಂದರು.

ಮಾಡಿದ್ದು

ಪ್ರತಿ ತೆಗೆಯುವ ಕೆಲಸಕ್ಕೆ ಹಲವು ದಾರಿಗಳಿದ್ದವು. ಶಿಫ್ಟ್ ಕೀಲಿ ಹಿಡಿದು ಬಲಗುಂಡಿ ಒತ್ತಿದರೆ ಹಳೆಯ ಉದ್ದನೆಯ ಪಟ್ಟಿಯೇ ಬರುತ್ತದೆ. ಅದರಲ್ಲಿ ‘ಸೆಂಡ್ ಟು’ ಇದೆ. ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ನಮೂದು ಸೇರಿಸಿ ಹಳೆಯ ಪಟ್ಟಿಯನ್ನೇ ಶಾಶ್ವತವಾಗಿ ತರುವ ಉಪಾಯವೂ ಬಳಕೆಯಲ್ಲಿದೆ. ಎರಡನೆಯದನ್ನು ಬಿಟ್ಟೆ, ನಾಳೆ ಬರುವ ಪರಿಷ್ಕರಣೆಯೊಂದು ಅದನ್ನು ಅಳಿಸಿದರೆ ಕಾರಣ ತಿಳಿಯುವವರು ಆ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಕೊನೆಗೆ ಮಾಡಿದ್ದೆಂದರೆ, ವಿಂಡೋಸಿನೊಳಗೇ ಇರುವ ರೋಬೊಕಾಪಿ ಎಂಬ ಆಜ್ಞೆಯನ್ನು ಬಳಸಿ ನಾಲ್ಕು ಸಾಲಿನ ಒಂದು ಬ್ಯಾಚ್ ಕಡತ, ಅಂದರೆ ಯಂತ್ರ ಸಾಲಾಗಿ ನಡೆಸುವ ಆಜ್ಞೆಗಳ ಪಟ್ಟಿ, ಬರೆದು, ಅದಕ್ಕೆ ‘ದಿನದ ಪ್ರತಿ’ ಎಂದು ಕನ್ನಡದಲ್ಲಿಯೇ ಹೆಸರಿಟ್ಟು ಡೆಸ್ಕ್‌ಟಾಪಿನ ಮೇಲೆ ಇಟ್ಟೆ. ಎರಡು ಸಲ ಒತ್ತಿದರೆ ಇಡೀ ಲೆಕ್ಕದ ಫೋಲ್ಡರು ಆ ದಿನದ ದಿನಾಂಕದ ಹೆಸರಿನಲ್ಲಿ ಪೆನ್ ಡ್ರೈವಿಗೆ ಹೋಗುತ್ತದೆ. ಮೂಲವನ್ನು ತೆಗೆಯುವ ಶಕ್ತಿಯೇ ಆ ನಾಲ್ಕು ಸಾಲುಗಳಿಗಿಲ್ಲ. ಪೆನ್ ಡ್ರೈವ್ ಹಾಕಿರದಿದ್ದರೆ ಹಾಗೆಂದು ಹೇಳುತ್ತದೆ, ಮುಗಿದರೆ ಮುಗಿಯಿತೆಂದು ಹೇಳಿ ನಿಲ್ಲುತ್ತದೆ. ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ ಓಡುವುದನ್ನು ನೋಡಿ ಅಕ್ಕಾರ ಮೊದಲು ಹಿಂಜರಿದರು. ಕೊನೆಯಲ್ಲಿ ಬರುವ ಒಂದು ಸಾಲನ್ನಷ್ಟೇ ನೋಡಿದರೆ ಸಾಕು ಎಂದ ಮೇಲೆ ಒಪ್ಪಿದರು.

ಕನ್ನಡಕ್ಕೆ ಯೂನಿಕೋಡ್ ಬರೆಯುವ ನುಡಿಯ ಹೊಸ ಆವೃತ್ತಿಯನ್ನು ಹಾಕಿದೆವು. ಹಾಕಿದಷ್ಟಕ್ಕೇ ಮುಗಿಯಲಿಲ್ಲ. ವಿಂಡೋಸಿನ ಕನ್ನಡ ವಿನ್ಯಾಸವೂ ಚಾಲ್ತಿಯಲ್ಲಿದ್ದು ಮೇಲೆ ನುಡಿಯೂ ಇದ್ದರೆ ಒಂದರ ಮೇಲೊಂದು ಕೂತು ಬರೆದದ್ದೆಲ್ಲ ಗೋಜಲಾಗುತ್ತಿತ್ತು. ಅಕ್ಕಾರ ಅವರ ಯಂತ್ರದಿಂದ ವಿಂಡೋಸಿನ ಕನ್ನಡ ವಿನ್ಯಾಸವನ್ನು ಪೂರ್ತಿ ತೆಗೆದೆವು. ಉಚ್ಚಾರಣೆಯ ಪ್ರಕಾರ ಬರೆಯುವ ವಿಂಡೋಸಿನ ಫೊನೆಟಿಕ್ ಕೀಲಿಮಣೆಯೇ ವ್ಯವಸ್ಥಾಪಕರಿಗೆ ರೂಢಿಯಾಗಿದ್ದರಿಂದ ಅವರ ಯಂತ್ರದಲ್ಲಿ ಅದನ್ನು ಉಳಿಸಿ, ಪ್ರತಿ ಕಿಟಕಿಗೂ ಭಾಷೆ ಬೇರೆ ಇರಲಿ ಎಂಬ ಆಯ್ಕೆಗೆ ಗುರುತು ಹಾಕಿದೆವು. ಆ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗಿನ ಕೆಳಗೆ, ಕೀಲಿಮಣೆಯ ಮುಂದುವರಿದ ಹೊಂದಾಣಿಕೆಗಳು ಎಂಬಲ್ಲಿದೆ. ಗೊತ್ತಿಲ್ಲದವರು ಅಲ್ಲಿಗೆ ತಲುಪುವ ಸಂಭವ ಕಡಿಮೆ.

ಮತ್ತು ಹಳೆಯ ಕೀಲಿಮಣೆಯನ್ನು ಗೋದಾಮಿನಿಂದ ತಂದು, ಧೂಳು ಒರೆಸಿ, ಹೊಸ ಕಂಪ್ಯೂಟರಿಗೆ ಜೋಡಿಸಿದೆವು. ಯುಎಸ್‌ಬಿ ಕೀಲಿಮಣೆಯಾದ್ದರಿಂದ ತೊಂದರೆಯಾಗಲಿಲ್ಲ. ಸ್ಕ್ರೋಲ್ ಲಾಕ್ ಒತ್ತಿದಾಗ ದೀಪ ಹತ್ತಿತು.

ಸಭೆಯಲ್ಲಿ

ವರದಿಯನ್ನು ಓದಿದಾಗ ಮಂಡಳಿಯಲ್ಲಿ ಎಲ್ಲರೂ ಒಪ್ಪಲಿಲ್ಲ. ಬೇರೆ ಊರುಗಳಲ್ಲಿ ಜನ ಇದೇ ವಿಂಡೋಸನ್ನು ಬಳಸುತ್ತಾರಲ್ಲ, ಅವರಿಗೆ ಇಲ್ಲದ ತೊಂದರೆ ನಮಗೇಕೆ ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ. ಅವರಿಗೂ ತೊಂದರೆ ಇದೆ. ಬರೀ ಚಿತ್ರಗಳಿದ್ದ ಪಟ್ಟಿಯ ಬಗ್ಗೆ, ಒಂದಾಗಿಬಿಡುವ ಕಿಟಕಿಗಳ ಬಗ್ಗೆ ಎಲ್ಲ ಕಡೆಯಿಂದ ದೂರು ಹೋದದ್ದರಿಂದಲೇ ಕೆಲವು ಸಂಗತಿಗಳು ಪರಿಷ್ಕರಣೆಗಳಲ್ಲಿ ಹಿಂದಿರುಗಿವೆ ಎಂದು ಉತ್ತರಿಸಿದೆ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಸ್ವತಃ ನೇಕಾರರಾಗಿರುವ ಹಿರಿಯ ನಿರ್ದೇಶಕರ ಮಾತು. “ರಾತ್ರೋರಾತ್ರಿ ಯಾರೋ ಬಂದು ಮಗ್ಗದ ಕಾಲುಹಲಗಿ ಅದಲು ಬದಲು ಮಾಡಿ ಹೋದ್ರ, ಮುಂಜಾನಿ ನನ್ನ ಸೀರೀನೂ ಕೆಡತೈತಿ. ಆಗ ನನಗ ನೇಯಾಕ ಬರೂದಿಲ್ಲ ಅಂತೀರೇನು?” ಎಂದು ಅವರು ಕೇಳಿದರು. ಅಕ್ಕಾರ ಅವರನ್ನು ಬೇರೆ ಕೆಲಸಕ್ಕೆ ಹಾಕುವ ವಿಷಯವನ್ನು ಪಟ್ಟಿಯಿಂದ ಕೈಬಿಡಲಾಯಿತು.

ಅದರ ಜಾಗದಲ್ಲಿ ಒಂದು ಠರಾವು ಆಯಿತು. ಇನ್ನು ಮುಂದೆ ಕಂಪ್ಯೂಟರ್ ಕೊಳ್ಳುವಾಗ, ಅದರ ಮುಂದೆ ಕೂರುವ ಸಿಬ್ಬಂದಿ ಅಂಗಡಿಯವರ ಎದುರಿನಲ್ಲಿಯೇ ಒಂದು ಕನ್ನಡ ನೋಟಿಸು ಬರೆದು, ಒಂದು ದಿನದ ಕಿರ್ದಿ ನಮೂದಿಸಿ, ಪೆನ್ ಡ್ರೈವಿಗೆ ಪ್ರತಿ ತೆಗೆದು ನೋಡಿ ಒಪ್ಪಿದ ಮೇಲೆಯೇ ಪೂರ್ತಿ ಹಣ ಪಾವತಿಯಾಗಬೇಕು. ಹಳೆಯ ಯಂತ್ರವನ್ನು ಒಂದು ತ್ರೈಮಾಸಿಕದವರೆಗೆ ಚಾಲ್ತಿಯಲ್ಲಿಯೇ ಪಕ್ಕದಲ್ಲಿಡಬೇಕು. ಸ್ಕ್ರೋಲ್ ಲಾಕ್ ಇರುವ ಇನ್ನೆರಡು ಕೀಲಿಮಣೆಗಳನ್ನು ಈಗಲೇ ಕೊಂಡು ಇಡಬೇಕೆಂದು ನಾನು ಕೇಳಿದ್ದೆ. ಒಂದಕ್ಕೆ ಮಂಜೂರಾತಿ ಸಿಕ್ಕಿತು, ಇನ್ನೊಂದನ್ನು ಮುಂದಿನ ವರ್ಷದ ಅಂದಾಜಿನಲ್ಲಿ ನೋಡೋಣ ಎಂದರು.

2024ರ ಆವೃತ್ತಿಯಲ್ಲಿ ಆ ಪಟ್ಟಿಯ ಚಿತ್ರಗಳ ಕೆಳಗೆ ಹೆಸರುಗಳು ಬಂದವು. ಕತ್ತರಿಯ ಕೆಳಗೆ ಈಗ ಕಟ್ ಎಂದು ಬರೆದಿದೆ. ಅದನ್ನು ಅಕ್ಕಾರ ಅವರಿಗೆ ತೋರಿಸಿದಾಗ, ಪ್ರತಿ ತೆಗೆಯಲು ತಾವು ಬಲಗುಂಡಿ ಒತ್ತುವುದನ್ನೇ ಬಿಟ್ಟಿರುವುದಾಗಿ ಹೇಳಿ, ಅದರ ಬದಲು ‘ದಿನದ ಪ್ರತಿ’ಯಲ್ಲಿ ಮೂರು ತಿಂಗಳಿಗಿಂತ ಹಳೆಯ ಫೋಲ್ಡರುಗಳು ತಾವಾಗಿ ಅಳಿಯುವಂತೆ ಮಾಡಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಆದರೆ ಅಳಿಸುವ ಶಕ್ತಿಯನ್ನು ಆ ಕಡತಕ್ಕೆ ಕೊಡಲು ನಾನು ಇನ್ನೂ ಒಪ್ಪಿಲ್ಲ.